ಜಾರ್ಜಿಯನ್ ಭಾಷೆಯ ‘-ಮಾ’ ವಿಭಕ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಜಾರ್ಜಿಯನ್ ಕಲಿಯಲು ಕೂತವರು ಮೊದಲ ಕೆಲವು ವಾರ ಖುಷಿಯಾಗಿರುತ್ತಾರೆ. ದುಂಡಗಿನ 33 ಅಕ್ಷರಗಳು ಕೈಗೆ ಹತ್ತುತ್ತವೆ. ಗಂಡು ಹೆಣ್ಣು ಅಂತ ಲಿಂಗಭೇದವೇ ಇಲ್ಲ ಅಂತ ಗೊತ್ತಾದಾಗ ನೆಮ್ಮದಿ. ವಾಕ್ಯದ ಕೊನೆಗೆ ಕ್ರಿಯಾಪದ ಇಟ್ಟರೂ ನಡೆಯುತ್ತದೆ, ಥೇಟ್ ಕನ್ನಡದ ಹಾಗೆ. ಆಮೇಲೆ ‘ನಿನ್ನೆ’ ಅಂತ ಶುರುವಾಗುವ ವಾಕ್ಯಗಳು ಬರುತ್ತವೆ. ಅಲ್ಲಿ ಕರ್ತೃ ಪದಕ್ಕೆ ‘-ಮಾ’ ಅಂತ ಏನೋ ಅಂಟಿಕೊಂಡಿರುತ್ತದೆ. ಕರ್ಮಪದಕ್ಕೆ ಇದ್ದ ಬಾಲ ಉದುರಿಹೋಗಿರುತ್ತದೆ. ಬಹಳ ಜನ ಇಲ್ಲೇ ಪುಸ್ತಕ ಮುಚ್ಚುತ್ತಾರೆ. ಹಾಗಾಗಬಾರದು ಅನ್ನುವುದು ನನ್ನ ಆಸೆ. ಕನ್ನಡ ಮಾತಾಡುವವರಿಗೆ ಈ ವಿಭಕ್ತಿ ಕಾಣುವಷ್ಟು ದೂರದ್ದಲ್ಲ.

ಮೊದಲು ಹೇಳಿ, ಯಾವ ಜಾರ್ಜಿಯಾ?

ಅಮೆರಿಕದ ರಾಜ್ಯ ಅಲ್ಲ. ಕಾಕಸಸ್ ಪರ್ವತಗಳ ದಕ್ಷಿಣಕ್ಕೆ, ಕಪ್ಪು ಸಮುದ್ರದ ಪೂರ್ವ ದಂಡೆಯಲ್ಲಿರುವ ದೇಶ. ರಾಜಧಾನಿ ಟಿಬಿಲಿಸಿ. ಮೆಡಿಕಲ್ ಓದಲು ಭಾರತದಿಂದ ಬಹಳ ವಿದ್ಯಾರ್ಥಿಗಳು ಹೋಗುವುದು ಇಲ್ಲಿಗೇ. ಭಾಷೆ ಕಾರ್ಟ್ವೇಲಿಯನ್ ಕುಟುಂಬಕ್ಕೆ ಸೇರಿದ್ದು. ಸ್ವಾನ್, ಮಿಂಗ್ರೇಲಿಯನ್, ಲಾಜ್ ಇದರ ಒಡಹುಟ್ಟುಗಳು. ರಷ್ಯನ್‌ಗೂ ಟರ್ಕಿಶ್‌ಗೂ ಇದಕ್ಕೂ ವಂಶದ ನಂಟಿಲ್ಲ.

ಈ ವಿಭಕ್ತಿಯ ಹೆಸರೇನು? ಒಟ್ಟು ಎಷ್ಟು ವಿಭಕ್ತಿಗಳಿವೆ?

ಒಟ್ಟು ಏಳು. ನಾವು ಕೇಳುತ್ತಿರುವುದರ ಹೆಸರು ‘ಮೊತ್ಖ್ರೋಬಿತಿ’. ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಇದನ್ನು ಎರ್ಗೇಟಿವ್ ಅನ್ನುತ್ತಾರೆ. ನನಗೆ ಜಾರ್ಜಿಯನ್ನರದೇ ಹೆಸರು ಇಷ್ಟ. ‘ಮೊತ್ಖ್ರೋಬಾ’ ಅಂದರೆ ಕಥೆ ಹೇಳುವುದು. ಹಾಗಾಗಿ ಇದು ಕಥನದ ವಿಭಕ್ತಿ. ನಡೆದುಹೋದದ್ದನ್ನು ಹೇಳುವಾಗ ಹೆಜ್ಜೆ ಹೆಜ್ಜೆಗೂ ಬರುತ್ತದೆ. ಜಾನಪದ ಕಥೆ ಕೇಳಿದರೆ ‘ಮೆಪೆಮ್ ತ್ಕ್ವಾ’ ಅನ್ನುವುದು ಕಿವಿಗೆ ಬೀಳುತ್ತಲೇ ಇರುತ್ತದೆ. ‘ರಾಜ ಹೇಳಿದ’ ಅಂತ ಅರ್ಥ.

ಉಳಿದವುಗಳ ಹೆಸರಲ್ಲೂ ಅರ್ಥ ಇದೆ. ನಮ್ಮ ಪ್ರಥಮಾ ವಿಭಕ್ತಿಗೆ ಸಮನಾದದ್ದು ‘ಸಾಖೆಲೋಬಿತಿ’, ಹೆಸರಿನ ವಿಭಕ್ತಿ. ನಮ್ಮ ಚತುರ್ಥಿಯಂಥದ್ದು ‘ಮಿತ್ಸೆಮಿತಿ’, ಕೊಡುವ ವಿಭಕ್ತಿ. ಇದರ ಪ್ರತ್ಯಯ ‘-ಸ್’. ಷಷ್ಠಿಯಂಥದ್ದು ‘ನಾತೆಸಾವೋಬಿತಿ’, ನಂಟಸ್ತಿಕೆಯ ವಿಭಕ್ತಿ. ಇವುಗಳ ಜೊತೆ ನಮ್ಮ ‘ಇಂದ’ದಂಥದ್ದು ಒಂದು, ‘ಆಗಿ’ಯಂಥದ್ದು ಒಂದು, ಕರೆಯುವುದಕ್ಕೆ ಒಂದು. ಕರೆಯುವ ವಿಭಕ್ತಿಯಲ್ಲಿ ‘ಕಾತ್ಸಿ’ ಅಂದರೆ ಗಂಡಸು ‘ಕಾತ್ಸೋ’ ಆಗುತ್ತಾನೆ. ನಾವು ಮಾತಿನ ಮಧ್ಯೆ ‘ಮಾರಾಯಾ’ ಅಂದ ಹಾಗೆ ಅವರು ‘ಕಾತ್ಸೋ’ ಅನ್ನುತ್ತಾರೆ.

ಒಂದು ವಿಷಯ ಗಮನಿಸಿ. ನಮ್ಮ ದ್ವಿತೀಯಾ, ಅಂದರೆ ‘ಅನ್ನು’, ಈ ಪಟ್ಟಿಯಲ್ಲಿ ಇಲ್ಲ. ಗೊಂದಲದ ಅರ್ಧ ಭಾಗ ಹುಟ್ಟುವುದೇ ಇಲ್ಲಿಂದ.

ಒಂದೇ ಉದಾಹರಣೆಯಲ್ಲಿ ತೋರಿಸಿ. ಏನು ಬದಲಾಗುತ್ತದೆ?

ಎರಡು ಪದ ಸಾಕು. ‘ದೆದಾ’ ಅಂದರೆ ಅಮ್ಮ. ‘ಪುರಿ’ ಅಂದರೆ ಬ್ರೆಡ್. ಹೌದು, ಪುರಿ! ನಮ್ಮ ಎಣ್ಣೆಯಲ್ಲಿ ಕರಿದ ಪೂರಿ ಅಲ್ಲ, ‘ತೋನೆ’ ಅನ್ನುವ ಮಣ್ಣಿನ ಒಲೆಯ ಒಳಗೋಡೆಗೆ ಬಡಿದು ಬೇಯಿಸುವ ಉದ್ದನೆಯ ರೊಟ್ಟಿ.

ಅಮ್ಮ ಬ್ರೆಡ್ ಕೊಳ್ಳುತ್ತಾಳೆ: ದೆದಾ ಕಿದುಲೋಬ್ಸ್ ಪುರ್ಸ್.
ಅಮ್ಮ ಬ್ರೆಡ್ ಕೊಂಡಳು: ದೆದಾಮ್ ಇಕಿದಾ ಪುರಿ.
ಅಮ್ಮ ಬ್ರೆಡ್ ಕೊಂಡಿದ್ದಾಳಂತೆ: ದೆದಾಸ್ ಉಕಿದಿಯಾ ಪುರಿ.

ಕನ್ನಡದ ಮೂರೂ ಸಾಲಲ್ಲಿ ‘ಅಮ್ಮ’ ಅಮ್ಮನೇ. ಜಾರ್ಜಿಯನ್‌ನಲ್ಲಿ ಮೂರು ಸಾಲಿಗೆ ಮೂರು ರೂಪ: ದೆದಾ, ದೆದಾಮ್, ದೆದಾಸ್. ಬ್ರೆಡ್ ಕೂಡ ಸುಮ್ಮನಿಲ್ಲ. ಮೊದಲ ಸಾಲಲ್ಲಿ ಅದಕ್ಕೆ ‘-ಸ್’ ಇದೆ. ಉಳಿದ ಎರಡರಲ್ಲಿ ಅದು ಬರೀ ಪುರಿ. ಈ ಮೂರು ಸಾಲನ್ನು ಬಾಯಿಪಾಠ ಮಾಡಿಬಿಡಿ. ನಾನು ಇವತ್ತಿಗೂ ಅನುಮಾನ ಬಂದಾಗ ಮನಸ್ಸಲ್ಲಿ ಇದನ್ನೇ ಹೇಳಿಕೊಳ್ಳುತ್ತೇನೆ.

ಅಮ್ಮ ಅಮ್ಮನೇ ಅಲ್ವಾ? ಅವಳ ವಿಭಕ್ತಿ ಯಾಕೆ ಬದಲಾಗಬೇಕು?

ಜಾರ್ಜಿಯನ್‌ನಲ್ಲಿ ವಿಭಕ್ತಿಯನ್ನು ಆರಿಸುವುದು ನಾಮಪದ ಅಲ್ಲ, ಕ್ರಿಯಾಪದ. ಈ ಪುಟದಲ್ಲಿ ಒಂದೇ ಮಾತು ನೆನಪಿಡಬಹುದು ಅಂದರೆ ಇದನ್ನೇ ಇಟ್ಟುಕೊಳ್ಳಿ.

ಇದು ನಮಗೆ ಹೊಸದಲ್ಲ. ‘ನಾನು ಬಲ್ಲೆ’ ಅನ್ನುತ್ತೇವೆ. ‘ನನಗೆ ಗೊತ್ತು’ ಅಂತಲೂ ಅನ್ನುತ್ತೇವೆ. ತಿಳಿದಿರುವವನು ಒಬ್ಬನೇ, ತಿಳಿದ ವಿಷಯವೂ ಒಂದೇ. ‘ಬಲ್ಲೆ’ ಅಂದಾಗ ‘ನಾನು’ ಬೇಕು, ‘ಗೊತ್ತು’ ಅಂದಾಗ ‘ನನಗೆ’ ಬೇಕು. ಯಾಕೆ ಅಂತ ನಾವು ಯಾವತ್ತೂ ಕೇಳಲಿಲ್ಲ. ಕ್ರಿಯಾಪದ ಕೇಳಿದ್ದನ್ನು ಕೊಟ್ಟೆವು ಅಷ್ಟೆ. ಜಾರ್ಜಿಯನ್‌ನಲ್ಲಿ ಇದೇ ಸ್ವಭಾವ ಇನ್ನೂ ಜಾಸ್ತಿ ಇದೆ. ಒಂದೇ ಕ್ರಿಯಾಪದ ಕಾಲ ಬದಲಾದಾಗ ಬೇರೆ ವಿಭಕ್ತಿ ಕೇಳುತ್ತದೆ.

ಅಲ್ಲಿನ ವ್ಯಾಕರಣದಲ್ಲಿ ಕ್ರಿಯಾರೂಪಗಳನ್ನು ಮೂರು ಗುಂಪು ಮಾಡುತ್ತಾರೆ. ಪ್ರತಿ ರೂಪಸಾಲಿಗೆ ‘ಮ್ತ್ಸ್ಕ್ರಿವಿ’ ಅಂತ ಹೆಸರು, ಅಂದರೆ ಸಾಲು. ಈ ಪದವನ್ನು ಬಳಕೆಗೆ ತಂದವರು ವ್ಯಾಕರಣಕಾರ ಅಕಾಕಿ ಶಾನಿದ್ಜೆ. ಮೊದಲ ಗುಂಪಲ್ಲಿ ವರ್ತಮಾನ, ಭವಿಷ್ಯ ಮತ್ತು ಅವುಗಳ ಬಳಗ. ಇಲ್ಲಿ ಕರ್ತೃವಿಗೆ ಪ್ರಥಮಾ, ಕರ್ಮಕ್ಕೆ ‘-ಸ್’. ಎರಡನೆಯ ಗುಂಪಲ್ಲಿ ನಡೆದು ಮುಗಿದ ಭೂತಕಾಲ ಮತ್ತು ‘ಬೇಕು’ ಜೊತೆ ಬರುವ ರೂಪ. ಇಲ್ಲಿ ಕರ್ತೃವಿಗೆ ‘-ಮಾ’, ಕರ್ಮಕ್ಕೆ ಪ್ರಥಮಾ. ಮೂರನೆಯ ಗುಂಪು ಆ ‘ಅಂತೆ’ಯ ಗುಂಪು. ಕರ್ತೃವಿಗೆ ‘-ಸ್’, ಕರ್ಮಕ್ಕೆ ಪ್ರಥಮಾ.

ಹಾಗಾಗಿ ವಾಕ್ಯ ಕಟ್ಟುವಾಗ ‘ಅಮ್ಮ’ನಿಂದ ಶುರು ಮಾಡಬೇಡಿ. ಕ್ರಿಯಾಪದವನ್ನು ಮೊದಲು ಮನಸ್ಸಲ್ಲಿ ಇಟ್ಟುಕೊಳ್ಳಿ. ಅದು ಯಾವ ಗುಂಪಿನದು ಅಂತ ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ.

ಯಾವಾಗ ‘-ಮಾ’, ಯಾವಾಗ ಬರೀ ‘-ಮ್’?

ಇದು ಸುಲಭ. ಪದದ ಮೂಲ ವ್ಯಂಜನದಲ್ಲಿ ಮುಗಿದರೆ ‘-ಮಾ’, ಸ್ವರದಲ್ಲಿ ಮುಗಿದರೆ ‘-ಮ್’. ‘ಬಿಚಿ’ ಅಂದರೆ ಹುಡುಗ. ಕೊನೆಯ ‘ಇ’ ಪ್ರಥಮಾ ಪ್ರತ್ಯಯ ಮಾತ್ರ, ಮೂಲ ‘ಬಿಚ್’. ಆದ್ದರಿಂದ ಬಿಚ್‌ಮಾ. ‘ಗೊಗೋ’ ಅಂದರೆ ಹುಡುಗಿ. ಅದು ಗೊಗೋಮ್. ‘ಮಾಮಾ’ ಮಾಮಾಮ್ ಆಗುತ್ತದೆ. ಆದರೆ ಹುಷಾರು, ಜಾರ್ಜಿಯನ್‌ನಲ್ಲಿ ಮಾಮಾ ಅಂದರೆ ಅಪ್ಪ! ಬಹುವಚನದಲ್ಲಿ ‘ಬಿಚೆಬಿ’, ಅಂದರೆ ಹುಡುಗರು, ಬಿಚೆಬ್‌ಮಾ ಆಗುತ್ತದೆ.

ಎಡವುವುದು ‘ಇ’ ಮೂಲದಲ್ಲೇ ಇರುವ ಪದಗಳಲ್ಲಿ. ಗಿಯೋರ್ಗಿ ಅನ್ನುವ ಹೆಸರಿನ ಕೊನೆಯ ‘ಇ’ ಹೆಸರಿನದೇ ಭಾಗ. ಹಾಗಾಗಿ ಅದು ಗಿಯೋರ್ಗಿಮ್, ಗಿಯೋರ್ಗ್‌ಮಾ ಅಲ್ಲ. ದಾವಿತಿ ಹಾಗಲ್ಲ, ಅದು ದಾವಿತ್‌ಮಾ. ಟೀಗೆ ಅವರೂ ‘ಚಾಯಿ’ ಅನ್ನುತ್ತಾರೆ. ಅದೂ ಗಿಯೋರ್ಗಿ ಜಾತಿಗೆ ಸೇರಿದ್ದು.

ಇನ್ನೊಂದು ಸಮಾಧಾನದ ಸಂಗತಿ. ಷಷ್ಠಿಯಲ್ಲಿ ಕೆಲವು ಪದಗಳ ನಡುವಿನ ಸ್ವರ ಬಿದ್ದುಹೋಗುತ್ತದೆ. ‘ತ್ಸ್ಕಾಲಿ’, ಅಂದರೆ ನೀರು, ‘ತ್ಸ್ಕ್ಲಿಸ್’ ಆಗುತ್ತದೆ. ‘-ಮಾ’ ಹಚ್ಚಿದಾಗ ಈ ತೊಂದರೆ ಇಲ್ಲ. ತ್ಸ್ಕಾಲ್‌ಮಾ, ಅಷ್ಟೆ.

ಹಳೆಯ ಜಾರ್ಜಿಯನ್‌ನಲ್ಲಿ ಈ ಪ್ರತ್ಯಯ ‘-ಮನ್’ ಅಂತ ಇತ್ತು: ಕಾತ್ಸ್‌ಮನ್. ಕೊನೆಯ ‘ನ್’ ಕಾಲಕ್ರಮದಲ್ಲಿ ಸವೆದುಹೋಯಿತು.

‘ನಾನು ಕೊಂಡೆ’ ಅನ್ನುವಾಗ ‘ನಾನು’ಗೆ ಏನು ಹಚ್ಚಬೇಕು?

ಏನೂ ಬೇಡ. ‘ಮೆ’ ಅಂದರೆ ನಾನು, ‘ಶೆನ್’ ನೀನು, ‘ಚ್ವೆನ್’ ನಾವು, ‘ತ್ಕ್ವೆನ್’ ನೀವು. ಇವು ಪ್ರಥಮಾದಲ್ಲೂ, ಕಥನ ವಿಭಕ್ತಿಯಲ್ಲೂ, ‘-ಸ್’ ಬೇಕಾದ ಕಡೆಯೂ ಹಾಗೇ ಇರುತ್ತವೆ. ಮೆ ವಿಕಿದೆ ಪುರಿ, ನಾನು ಬ್ರೆಡ್ ಕೊಂಡೆ. ಅದಕ್ಕೇ ಹೊಸಬರಿಗೆ ನಾನು ಹೇಳುವುದು: ಒಂದಷ್ಟು ದಿನ ಭೂತಕಾಲವನ್ನು ‘ನಾನು’, ‘ನೀನು’ ವಾಕ್ಯಗಳಲ್ಲೇ ಅಭ್ಯಾಸ ಮಾಡಿ. ಆಗ ಕರ್ಮಪದದ ‘-ಸ್’ ಬಿಡುವುದೊಂದೇ ಕೆಲಸ. ಅದು ಕೂತ ಮೇಲೆ ಅಮ್ಮ, ಹುಡುಗ, ರಾಜರ ಕಡೆ ಹೋಗಿ.

‘ಅವನು, ಅವಳು, ಅದು’ ಮೂರಕ್ಕೂ ‘ಇಸ್’. ಅದು ‘ಮನ್’ ಆಗುತ್ತದೆ. ‘ಇಸಿನಿ’, ಅಂದರೆ ಅವರು, ‘ಮಾತ್’ ಆಗುತ್ತದೆ. ‘ಯಾರು’ ಅನ್ನುವ ‘ವಿನ್’ ಬದಲಾಗುವುದಿಲ್ಲ.

ವಿಶೇಷಣಕ್ಕೂ ಹಚ್ಚಬೇಕಾ?

ವ್ಯಂಜನದಲ್ಲಿ ಮುಗಿದರೆ ಹೌದು. ‘ಕಾರ್ಗಿ ಬಿಚಿ’, ಒಳ್ಳೆಯ ಹುಡುಗ, ‘ಕಾರ್ಗ್‌ಮಾ ಬಿಚ್‌ಮಾ’ ಆಗುತ್ತಾನೆ. ಸ್ವರದಲ್ಲಿ ಮುಗಿದರೆ ಬೇಡ. ‘ಪಾತಾರಾ’, ಅಂದರೆ ಪುಟ್ಟ, ಹಾಗೇ ಉಳಿಯುತ್ತದೆ: ಪಾತಾರಾ ಬಿಚ್‌ಮಾ. ‘ನನ್ನ ಅಮ್ಮ’ ಅನ್ನುವ ‘ಚೆಮಿ ದೆದಾ’ ಎರಡೂ ನಿಯಮವನ್ನು ಒಟ್ಟಿಗೆ ತೋರಿಸುತ್ತದೆ: ಚೆಮ್ಮಾ ದೆದಾಮ್. ಒಂದು ಕಡೆ ‘ಮಾ’, ಇನ್ನೊಂದು ಕಡೆ ‘ಮ್’. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ?

ಶಾಲೆಯಲ್ಲಿ ಹಿಂದಿ ಕಲಿತಿದ್ದೇನೆ. ಇದು ಹಿಂದಿಯ ‘ನೇ’ ಇದ್ದ ಹಾಗಾ?

ಒಂದೇ ಬಗೆಯದು, ಆದರೆ ಒಂದೇ ಅಲ್ಲ. ‘ರಾಮ್ ನೇ ರೋಟೀ ಖಾಯೀ’ ಅನ್ನುವ ವಾಕ್ಯ ನೆನಪಿದೆಯಾ? ತಿಂದವನು ರಾಮ. ಕ್ರಿಯಾಪದ ಮಾತ್ರ ರೋಟಿಯ ಹಿಂದೆ ಹೋಗಿ ‘ಖಾಯೀ’ ಆಯಿತು. ಕನ್ನಡದ ಮಕ್ಕಳು ಹಿಂದಿ ಪರೀಕ್ಷೆಯಲ್ಲಿ ಇಲ್ಲೇ ತಪ್ಪುತ್ತಿದ್ದದ್ದು. ಜಾರ್ಜಿಯನ್‌ನಲ್ಲಿ ಆ ಕಷ್ಟ ಇಲ್ಲ. ಕರ್ತೃವಿಗೆ ‘-ಮಾ’ ಹತ್ತಿದರೂ ಕ್ರಿಯಾಪದ ಕರ್ತೃವಿನ ಜೊತೆಯೇ ಇರುತ್ತದೆ. ನಾನು ಬರೆದೆ ಅನ್ನಲು ದಾವ್ತ್ಸೆರೆ, ನೀನು ಬರೆದೆ ಅನ್ನಲು ದಾತ್ಸೆರೆ, ಬರೆದಳು ಅನ್ನಲು ದಾತ್ಸೆರಾ, ಬರೆದರು ಅನ್ನಲು ದಾತ್ಸೆರೆಸ್. ಕನ್ನಡದ ಹಾಗೆಯೇ ಯಾರು ಅನ್ನುವುದು ಕ್ರಿಯಾಪದದಲ್ಲೇ ಗೊತ್ತಾಗುತ್ತದೆ.

ಇನ್ನೊಂದು ವ್ಯತ್ಯಾಸ. ಹಿಂದಿಯಲ್ಲಿ ‘ಮೈಂ ನೇ’ ಅನ್ನಬೇಕು. ಇಲ್ಲಿ ‘ಮೆ’ಗೆ ಏನೂ ಇಲ್ಲ, ಆಗಲೇ ನೋಡಿದೆವು.

‘ಹುಡುಗ ಬಂದ’ ಅನ್ನಲು ‘ಬಿಚ್‌ಮಾ’ ಅಂದೆ. ತಪ್ಪು ಅಂದರು. ಯಾಕೆ?

ಬರುವುದು ಅಕರ್ಮಕ ಕ್ರಿಯೆ. ಅಂಥ ಕಡೆ ಪ್ರಥಮಾ ಸಾಕು: ಬಿಚಿ ಮೊವಿದಾ. ಹೋದ, ಬಿದ್ದ, ಹುಟ್ಟಿದ, ಸತ್ತ ಇವೆಲ್ಲ ಹೀಗೆಯೇ. ತಾನಾಗಿ ಆಗುವ ಕ್ರಿಯೆಗಳೂ ಅಷ್ಟೆ. ‘ಬಾಗಿಲು ತೆರೆದುಕೊಂಡಿತು’ ಅನ್ನಲು ಕಾರಿ ಗಾಯಿಘೋ. ‘ಹುಡುಗ ಬಾಗಿಲು ತೆರೆದ’ ಅನ್ನಲು ಬಿಚ್‌ಮಾ ಕಾರಿ ಗಾಅಘೋ. ಎರಡರಲ್ಲೂ ಬಾಗಿಲು ‘ಕಾರಿ’ಯೇ. ಎರಡನೆಯದರಲ್ಲಿ ತೆರೆದವನೊಬ್ಬ ಬಂದ, ಅವನಿಗೆ ‘-ಮಾ’ ಬಂತು.

ಆದರೆ ‘ಸಕರ್ಮಕಕ್ಕೆ ‘-ಮಾ’, ಅಕರ್ಮಕಕ್ಕೆ ಬೇಡ’ ಅಂತ ಬರೆದಿಟ್ಟುಕೊಂಡರೆ ಬೇಗ ಸಿಕ್ಕಿಹಾಕಿಕೊಳ್ಳುತ್ತೀರಿ. ‘ಮಗು ಅತ್ತಿತು’ ಅನ್ನಿ. ಅಳುವುದಕ್ಕೆ ಕರ್ಮ ಎಲ್ಲಿದೆ? ಆದರೂ ಅದು ಬಾವ್ಶ್ವ್‌ಮಾ ಇತಿರಾ. ಹುಡುಗರು ಆಡಿದರು ಅನ್ನಲು ಬಿಚೆಬ್‌ಮಾ ಇತಾಮಾಶೆಸ್. ಹುಡುಗಿ ನಕ್ಕಳು ಅನ್ನಲು ಗೊಗೋಮ್ ಗಾಯಿತ್ಸಿನಾ. ಅಳು, ನಗು, ಆಟ, ಹಾಡು, ಕುಣಿತ, ದುಡಿಮೆ, ನಾಯಿಯ ಬೊಗಳು ಎಲ್ಲ ಈ ಗುಂಪಿಗೆ. ಒಳಗಿನಿಂದ ಹೊಮ್ಮುವ ಚಟುವಟಿಕೆಗಳು ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. ಹೋಗು, ಬೀಳು, ತೆರೆದುಕೊಳ್ಳು ಇವು ಜಾಗದ ಅಥವಾ ಸ್ಥಿತಿಯ ಬದಲಾವಣೆ. ಅವಕ್ಕೆ ಬೇಡ. ಈ ಗೆರೆ ನೂರಕ್ಕೆ ನೂರು ನೇರವಾಗಿಲ್ಲ. ಆದರೆ ಸಕರ್ಮಕ ಅಕರ್ಮಕ ಅನ್ನುವ ಗೆರೆಗಿಂತ ಇದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಒಡಹುಟ್ಟು ಭಾಷೆಗಳು ಇಲ್ಲಿ ಬೇರೆ ಬೇರೆ ದಾರಿ ಹಿಡಿದಿವೆ. ಮಿಂಗ್ರೇಲಿಯನ್‌ನಲ್ಲಿ ಈ ಭೂತಕಾಲದಲ್ಲಿ ‘ಬಂದ’ನಿಗೂ ಈ ವಿಭಕ್ತಿ ಹಚ್ಚುತ್ತಾರೆ. ಲಾಜ್‌ನಲ್ಲಿ ವರ್ತಮಾನಕ್ಕೂ ಹಬ್ಬಿದೆ.

ನಿರ್ಜೀವ ವಸ್ತುಗಳಿಗೂ ಬರುತ್ತದಾ?

ಧಾರಾಳವಾಗಿ. ‘ಗಾಳಿ ಬಾಗಿಲು ತೆರೆಯಿತು’ ಅನ್ನಲು ‘ಕಾರ್ಮಾ ಕಾರಿ ಗಾಅಘೋ’. ಗಾಳಿಗೂ ‘ಕಾರಿ’, ಬಾಗಿಲಿಗೂ ‘ಕಾರಿ’! ನಮ್ಮ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಎರಡು ‘ಕ’ಗಳು ಬೇರೆ. ಗಾಳಿಯ ‘ಕ’ದಲ್ಲಿ ಉಸಿರು ಹೊರಗೆ ಬರುತ್ತದೆ, ಸ್ವಲ್ಪ ನಮ್ಮ ‘ಖ’ದ ಹಾಗೆ. ಬಾಗಿಲಿನ ‘ಕ’ವನ್ನು ಗಂಟಲು ಬಿಗಿಹಿಡಿದು ಟಕ್ ಅಂತ ಒಡೆಯಬೇಕು. ಪ, ತ, ಚ, ತ್ಸ ಇವುಗಳಲ್ಲೂ ಇಂಥ ಜೋಡಿಗಳಿವೆ. ‘ಇಕಿದಾ’ದ ‘ಕ’ ಇವೆರಡಕ್ಕಿಂತ ಬೇರೆ, ಗಂಟಲಿನ ಆಳದ್ದು. ಈ ಪುಟದಲ್ಲಿ ನಾನು ಬರೆದದ್ದು ಹತ್ತಿರದ ಧ್ವನಿ ಮಾತ್ರ. ಕಿವಿಯಿಂದ ಕೇಳಿ ಸರಿಮಾಡಿಕೊಳ್ಳಿ.

ಭೂತಕಾಲ ಅಂದರೆ ‘-ಮಾ’ ಅಂದುಕೊಳ್ಳಬಹುದಾ?

ಬೇಡ. ‘ಅಮ್ಮ ಬ್ರೆಡ್ ಕೊಳ್ಳುತ್ತಿದ್ದಳು’ ಕೂಡ ಭೂತಕಾಲವೇ. ಆದರೆ ಅದು ಮೊದಲ ಗುಂಪಿನ ರೂಪ, ಆದ್ದರಿಂದ ದೆದಾ, ಪುರ್ಸ್. ಇನ್ನೊಂದು ಕಡೆ ‘ಅಮ್ಮ ಬ್ರೆಡ್ ಕೊಳ್ಳಬೇಕು’ ಅನ್ನುವುದು ಭೂತಕಾಲ ಅಲ್ಲವೇ ಅಲ್ಲ. ಆದರೂ ದೆದಾಮ್ ಉಂದಾ ಇಕಿದೋಸ್ ಪುರಿ. ಯಾಕೆಂದರೆ ‘ಇಕಿದೋಸ್’ ಎರಡನೆಯ ಗುಂಪಿನದು. ಆಜ್ಞೆಯೂ ಹಾಗೇ. ‘ಟೀ ಕುಡಿ’ ಅನ್ನಲು ದಾಲಿಯೆ ಚಾಯಿ. ಚಾಯಿಗೆ ‘-ಸ್’ ಇಲ್ಲ, ನೋಡಿ.

ಒಂದು ಹಟಮಾರಿ ಕ್ರಿಯಾಪದವೂ ಇದೆ: ‘ಇತ್ಸಿಸ್’, ಅಂದರೆ ತಿಳಿದಿದೆ. ವರ್ತಮಾನದಲ್ಲೇ ಇದಕ್ಕೆ ‘-ಮಾ’ ಬೇಕು. ದೆದಾಮ್ ಇತ್ಸಿಸ್, ಅಮ್ಮನಿಗೆ ಗೊತ್ತು. ‘ಘ್ಮೆರ್ತ್‌ಮಾ ಇತ್ಸಿಸ್’ ಅನ್ನುವುದು ಅಲ್ಲಿ ದಿನಬಳಕೆಯ ಮಾತು. ನಾವು ‘ದೇವರಿಗೇ ಗೊತ್ತು’ ಅನ್ನುತ್ತೇವಲ್ಲ, ಅದೇ. ಎರಡೂ ಭಾಷೆಗಳಲ್ಲಿ ಈ ಒಂದು ಮಾತಿಗೆ ದೇವರು ಪ್ರಥಮಾ ವಿಭಕ್ತಿ ಬಿಟ್ಟು ಬರುವುದು ನನಗೆ ತುಂಬಾ ಇಷ್ಟವಾದ ಸಂಗತಿ.

ಮೂರನೆಯ ಸಾಲಿನ ‘ದೆದಾಸ್’ ಬಗ್ಗೆ ಸ್ವಲ್ಪ ಹೇಳಿ.

ಕನ್ನಡಿಗರಿಗೆ ಅತಿ ಸಲೀಸಾದ ಭಾಗ ಇದು. ನನಗೆ ಹಸಿವು, ನನಗೆ ಚಳಿ, ನನಗೆ ಬೇಕು, ನನಗೆ ಇಷ್ಟ. ಇವನ್ನೆಲ್ಲ ಜಾರ್ಜಿಯನ್ನರೂ ಚತುರ್ಥಿಯಲ್ಲೇ ಹೇಳುತ್ತಾರೆ: ಮ್ಶಿಯಾ, ಮ್ತ್ಸಿವಾ, ಮಿಂದಾ, ಮೊಮ್ತ್ಸೋನ್ಸ್. ನಾಯಿಗೆ ಹಸಿವು ಅನ್ನಲು ದ್ಜಘ್ಲ್ಸ್ ಶಿಯಾ. ಕನ್ನಡದ ‘ಗೆ’ ಇರುವ ಜಾಗದಲ್ಲಿ ಅವರ ‘-ಸ್’ ಇಟ್ಟರೆ ಆಯಿತು.

ಮೂರನೆಯ ಗುಂಪಿನ ಕ್ರಿಯಾರೂಪಗಳಲ್ಲಿ ಕರ್ತೃ ಇದೇ ವಿಭಕ್ತಿಗೆ ಬರುತ್ತಾನೆ. ಅದರ ಅರ್ಥವೂ ನಮಗೆ ಚೆನ್ನಾಗಿ ಗೊತ್ತಿರುವಂಥದ್ದು. ಕಣ್ಣಾರೆ ಕಾಣದೆ, ಆಮೇಲೆ ತಿಳಿದದ್ದನ್ನು ಹೇಳುವ ರೂಪ ಅದು. ಅಲ್ಲಿ ‘ತುರ್ಮೆ’ ಅನ್ನುವ ಪದ ಇದೆ, ನಮ್ಮ ‘ಅಂತೆ’ಗೆ ಹತ್ತಿರ. ಈ ರೂಪದ ಸಾಂಪ್ರದಾಯಿಕ ಹೆಸರೇ ‘ತುರ್ಮೆವೋಬಿತಿ’. ‘ಅಂತೆ-ರೂಪ’ ಅಂತ ಕರೆಯಬಹುದು! ಒಂದು ಅಪವಾದ ಹೇಳಲೇಬೇಕು. ‘ಇಲ್ಲ’ ಸೇರಿದಾಗ ಕೇಳಿದ ಸುದ್ದಿ ಅನ್ನುವ ಅರ್ಥ ಇರಬೇಕಿಲ್ಲ. ‘ಆರ್ ಮಿಕಿದಿಯಾ’ ಅಂದರೆ ಸುಮ್ನೆ ‘ನಾನು ಕೊಂಡಿಲ್ಲ’.

‘-ಮಾ’ ಮರೆತರೆ ಜನರಿಗೆ ಅರ್ಥ ಆಗುವುದಿಲ್ವಾ?

ಅಮ್ಮ ಮತ್ತು ಬ್ರೆಡ್ ಆದರೆ ಆಗುತ್ತದೆ. ಬ್ರೆಡ್ ಅಮ್ಮನನ್ನು ಕೊಳ್ಳುವುದಿಲ್ಲ. ನಾಯಿ ಮತ್ತು ಬೆಕ್ಕು ಬಂದಾಗ ಕಷ್ಟ. ‘ದ್ಜಘ್ಲ್‌ಮಾ ಕಾತಾ ದಾಯಿನಾಖಾ’, ನಾಯಿ ಬೆಕ್ಕನ್ನು ನೋಡಿತು. ‘ಕಾತಾಮ್ ದ್ಜಘ್ಲಿ ದಾಯಿನಾಖಾ’, ಬೆಕ್ಕು ನಾಯಿಯನ್ನು ನೋಡಿತು. ಪದಗಳನ್ನು ಹಿಂದೆ ಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲ, ಕನ್ನಡದ ಹಾಗೆ. ಆದರೆ ನಾವು ಗುರುತು ಹಚ್ಚುವುದು ನೋಡಿಸಿಕೊಂಡವರಿಗೆ, ‘ಅನ್ನು’ ಅಂತ. ಅವರು ಈ ಕಾಲದಲ್ಲಿ ಗುರುತು ಹಚ್ಚುವುದು ನೋಡಿದವರಿಗೆ.

ಕೊಟ್ಟವರು, ತೆಗೆದುಕೊಂಡವರು, ವಸ್ತು ಮೂರೂ ಬಂದಾಗ ಇದರ ಅಂದ ಕಾಣುತ್ತದೆ. ‘ಅಮ್ಮ ಮಗುವಿಗೆ ಬ್ರೆಡ್ ಕೊಟ್ಟಳು’ ಅನ್ನಲು ದೆದಾಮ್ ಬಾವ್ಶ್ವ್ಸ್ ಪುರಿ ಮಿಸ್ತ್ಸಾ. ಮೂವರಿಗೂ ಬೇರೆ ಬೇರೆ ಗುರುತು. ವರ್ತಮಾನದಲ್ಲಿ ಮಗುವಿಗೂ ಬ್ರೆಡ್ಡಿಗೂ ‘-ಸ್’ ಬಂದು ಎರಡೂ ಒಂದೇ ಥರ ಆಗಿಬಿಡುತ್ತವೆ. ನನಗಂತೂ ಭೂತಕಾಲವೇ ಸ್ಪಷ್ಟ.

ಅಭ್ಯಾಸ ಹೇಗೆ ಮಾಡಲಿ?

ವಿಭಕ್ತಿ ಕೋಷ್ಟಕವನ್ನು ಗೋಡೆಗೆ ಅಂಟಿಸುವುದರಿಂದ ನನಗೆ ಏನೂ ಬರಲಿಲ್ಲ. ಕ್ರಿಯಾಪದ ಕಲಿಯುವಾಗಲೆಲ್ಲ ಅಮ್ಮನ ಮೂರು ಸಾಲಿನಂತೆ ಮೂರು ವಾಕ್ಯ ಕಟ್ಟಿದ್ದರಿಂದ ಬಂತು. ದಿನಕ್ಕೆ ಎರಡೇ ಕ್ರಿಯಾಪದ ಸಾಕು. ಜೊತೆಗೆ ಸುದ್ದಿ ತಲೆಬರಹಗಳನ್ನು ಓದಿ. ‘ಪ್ರೆಜಿದೆಂತ್‌ಮಾ ಗಾನಾತ್ಸ್ಖಾದಾ’, ಅಂದರೆ ಅಧ್ಯಕ್ಷರು ಹೇಳಿಕೆ ಕೊಟ್ಟರು, ಅನ್ನುವಂಥ ಸಾಲು ಬೇಕಾದಷ್ಟು ಸಿಗುತ್ತವೆ. ಪ್ರತಿ ‘-ಮಾ’ ಕೆಳಗೆ ಗೆರೆ ಎಳೆದು, ಅದನ್ನು ಕೇಳಿದ ಕ್ರಿಯಾಪದ ಯಾವುದು ಅಂತ ಹುಡುಕಿ.

ಬಾಯಿಗೆ ಹತ್ತಲು ಒಂದೇ ಪದದ ಉತ್ತರಗಳು ಒಳ್ಳೆಯವು. ‘ಯಾರಿಗೆ ಗೊತ್ತು?’ ಅಂತ ಕೇಳಿದರೆ ನಾವು ‘ಅಮ್ಮ’ ಅನ್ನುವುದಿಲ್ಲ, ‘ಅಮ್ಮನಿಗೆ’ ಅನ್ನುತ್ತೇವೆ. ಕ್ರಿಯಾಪದ ಬಾಯಿಂದ ಬರದಿದ್ದರೂ ಅದು ಕೇಳಿದ ವಿಭಕ್ತಿ ಬರುತ್ತದೆ. ಅಲ್ಲಿಯೂ ಹಾಗೇ. ಮನೆಯಲ್ಲಿ ಬಿಸಿ ರೊಟ್ಟಿಯ ವಾಸನೆ ಬಂದಾಗ ‘ವಿನ್ ಇಕಿದಾ ಪುರಿ?’ ಅಂತ ಯಾರಾದರೂ ಕೇಳುತ್ತಾರೆ. ಯಾರು ಕೊಂಡರು ಬ್ರೆಡ್ ಅಂತ. ಉತ್ತರ ‘ದೆದಾ’ ಅಲ್ಲ, ‘ದೆದಾಮ್’.